ಸಣ್ಣ ಮಾಂಟೆಸ್ಸೊರಿ ಶಾಲೆಯಲ್ಲಿ ಮಗುವಿನ ಕೆಲಸ ಮತ್ತು ದೊಡ್ಡವರ ಸಂಯಮ

(ಪೋಷಕರು ಮತ್ತು ಶಿಕ್ಷಕಿಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ.

ಹದಿನೈದಿಪ್ಪತ್ತು ಮಕ್ಕಳಷ್ಟೇ ಇರುವ ಮಾಂಟೆಸ್ಸೊರಿ ಶಾಲೆಗೆ ಮಗುವನ್ನು ಸೇರಿಸಿದ ತಂದೆ ತಾಯಿಯರನ್ನು, ಆ ಶಾಲೆಯನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಬಹುತೇಕರು ಕೊಡುವ ಉತ್ತರ ಒಂದೇ ಆಗಿರುತ್ತದೆ: ಅಲ್ಲಿ ಮಕ್ಕಳು ಕಡಿಮೆ, ಹಾಗಾಗಿ ಶಿಕ್ಷಕಿಗೆ ನಮ್ಮ ಮಗುವಿನ ಕಡೆ ಹೆಚ್ಚು ಗಮನ ಕೊಡಲು ಸಾಧ್ಯವಾಗುತ್ತದೆ. ಮೂರು ವರ್ಷದ ಮಗುವನ್ನು ಮೊದಲ ಬಾರಿಗೆ ಮನೆಯಿಂದಾಚೆ ಕಳುಹಿಸುವವರು ಹೀಗೆ ಯೋಚಿಸುವುದು ಸಹಜ. ಆದರೆ ಸಣ್ಣ ಶಾಲೆ ಎಡವುವುದೂ ಇದೇ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಕಡಿಮೆಯಾದಷ್ಟೂ ದೊಡ್ಡವರ ಕೈಗೆ ಬಿಡುವು ಹೆಚ್ಚು, ಬಿಡುವಾದ ಕೈ ಮಗುವಿನ ಕೆಲಸದ ನಡುವೆ ಚಾಚಿಕೊಳ್ಳುವುದೂ ಹೆಚ್ಚು. ಮೂರರಿಂದ ಆರು ವರ್ಷದ ಮಗುವಿಗೆ ಬೇಕಾದದ್ದು ತಾನೇ ಆರಿಸಿಕೊಂಡ ಕೆಲಸ, ಅದು ಮುಗಿಯುವವರೆಗೆ ಯಾರೂ ಅಡ್ಡಬಾರದ ಹೊತ್ತು, ಮತ್ತು ತನಗಿಂತ ತುಸು ದೊಡ್ಡವರೂ ತುಸು ಚಿಕ್ಕವರೂ ಆದ ಮಕ್ಕಳ ಒಡನಾಟ. ಇವನ್ನು ಸಣ್ಣ ಶಾಲೆಯೊಂದು ಹೇಗೆ ಒದಗಿಸಬಹುದು, ಎಲ್ಲಿ ಅದು ಎಚ್ಚರ ತಪ್ಪುವ ಸಂಭವವಿದೆ ಎಂಬುದನ್ನು ಈ ಮಾತುಗಳಲ್ಲಿ ವಿವರಿಸಲು ಬಯಸುತ್ತೇನೆ.

ಈ ಪದ್ಧತಿ ಹುಟ್ಟಿದ ಬಗೆಯನ್ನು ಮೊದಲು ಸ್ವಲ್ಪ ನೆನೆಯೋಣ. 1870ರಲ್ಲಿ ಇಟಲಿಯಲ್ಲಿ ಜನಿಸಿದ ಮರಿಯಾ ಮಾಂಟೆಸ್ಸೊರಿ 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದವರು. ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟಿದ್ದ ಮಕ್ಕಳೊಡನೆ ಕೆಲಸ ಮಾಡುತ್ತಾ, ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ವಾನ್ ಅವರ ಬರಹಗಳನ್ನು ಓದುತ್ತಾ, ಇಂದ್ರಿಯಗಳ ಮೂಲಕವೂ ಕೈಗಳ ಮೂಲಕವೂ ಬುದ್ಧಿಯನ್ನು ತಲುಪಬಹುದೆಂಬ ನಂಬಿಕೆಗೆ ಬಂದವರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅದರ ಹಿಂದೆ ಇದ್ದದ್ದು ದೊಡ್ಡ ಶೈಕ್ಷಣಿಕ ಕನಸೇನೂ ಅಲ್ಲ. ತಂದೆ ತಾಯಿಯರು ದುಡಿಯಲು ಹೋದ ಮೇಲೆ ಮಕ್ಕಳು ಹೊಸದಾಗಿ ದುರಸ್ತಿ ಮಾಡಿದ ವಠಾರದ ಗೋಡೆ, ಮೆಟ್ಟಿಲುಗಳನ್ನು ಹಾಳುಮಾಡದಂತೆ ನೋಡಿಕೊಳ್ಳಬೇಕಿತ್ತು, ಅಷ್ಟೆ. ಐವತ್ತರ ಆಸುಪಾಸಿನ ಆ ಮಕ್ಕಳ ನಡುವೆ ಮಾಂಟೆಸ್ಸೊರಿ ಕಂಡ ಒಂದು ಪ್ರಸಂಗ ಮುಂದಿನದೆಲ್ಲಕ್ಕೂ ತಳಹದಿಯಾಯಿತು. ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಿಂದ ಬೇರೆ ಬೇರೆ ಅಳತೆಯ ಸಿಲಿಂಡರುಗಳನ್ನು ತೆಗೆದು, ಬೆರೆಸಿ, ಮತ್ತೆ ಅವುಗಳ ಕುಳಿಗಳಿಗೇ ಸೇರಿಸುತ್ತಿದ್ದಳು. ಸುತ್ತಲಿನ ಮಕ್ಕಳಿಂದ ಹಾಡು ಹೇಳಿಸಿದರೂ, ಅವಳನ್ನು ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲೆ ಇರಿಸಿದರೂ, ಅವಳ ಕೈ ನಿಲ್ಲಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದೇ ಕೆಲಸವನ್ನು ಮಾಡಿ, ಯಾರೂ ಹೇಳದೆಯೇ ನಿಲ್ಲಿಸಿದ ಆ ಮಗುವಿನ ಮುಖದಲ್ಲಿ ದಣಿವಿರಲಿಲ್ಲ, ಒಳ್ಳೆಯ ನಿದ್ರೆಯಿಂದ ಎದ್ದವಳ ಗೆಲುವಿತ್ತು. ಚಿಕ್ಕ ಮಕ್ಕಳ ಗಮನ ಚಂಚಲವಾದದ್ದು, ಐದು ನಿಮಿಷಕ್ಕೊಮ್ಮೆ ಅವರಿಗೆ ಹೊಸದೇನನ್ನಾದರೂ ಕೊಡುತ್ತಿರಬೇಕು ಎಂದು ತಿಳಿದಿರುವ ನಾವು ಈ ಹುಡುಗಿಯನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

ಈಗ ಅಂಥ ಶಾಲೆಯೊಂದರ ಬೆಳಗಿನ ಹೊತ್ತನ್ನು ಗಮನಿಸೋಣ. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ, ಪಾದರಕ್ಷೆಗಳನ್ನು ತಾವೇ ಕಳಚಿ ಜೋಡಿಸುತ್ತಾರೆ, ಶಿಕ್ಷಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿ ಒಳಗೆ ನಡೆಯುತ್ತಾರೆ. ಮಗುವಿನ ಎದೆಯ ಎತ್ತರಕ್ಕಿರುವ ಬಾಗಿಲಿಲ್ಲದ ಕಪಾಟುಗಳಲ್ಲಿ ಸಲಕರಣೆಗಳು ಸುಲಭದಿಂದ ಕಷ್ಟದ ಕಡೆಗೆ ಸಾಗುವ ಕ್ರಮದಲ್ಲಿ ಇರುತ್ತವೆ, ಮತ್ತು ಪ್ರತಿಯೊಂದೂ ಒಂದೇ ಒಂದು ಇರುತ್ತದೆ. ಈ ಕೊನೆಯ ಮಾತು ಅನೇಕರಿಗೆ ವಿಚಿತ್ರವೆನಿಸುತ್ತದೆ, ಜಿಪುಣತನವೆಂದೂ ತೋರಬಹುದು. ಆದರೆ ತನಗೆ ಬೇಕಾದ ಸಲಕರಣೆ ಇನ್ನೊಬ್ಬರ ಚಾಪೆಯ ಮೇಲಿದ್ದಾಗ ಕಾಯಬೇಕು, ಕಾಯುವಾಗ ಬೇರೆ ಕೆಲಸವನ್ನು ಆರಿಸಿಕೊಳ್ಳಬಹುದು ಅಥವಾ ಪಕ್ಕದಲ್ಲಿ ಕೈಕಟ್ಟಿ ಕುಳಿತು ನೋಡಬಹುದು ಎಂಬುದನ್ನು ಮಗು ಕಲಿಯುವುದು ಈ ಏರ್ಪಾಡಿನಿಂದಲೇ. ತಾಳ್ಮೆಯ ಬಗ್ಗೆ ಎಷ್ಟು ಕಥೆ ಹೇಳಿದರೂ ಈ ಕಲಿಕೆ ಆಗುವುದಿಲ್ಲ. ಮಗು ಚಾಪೆಯನ್ನು ಬಿಡಿಸಿ ಹಾಸಿಕೊಂಡರೆ ಅಷ್ಟು ನೆಲ ಅದರದ್ದು. ಬೇರೆಯವರು ಅದನ್ನು ತುಳಿಯದೆ ಸುತ್ತಿ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಸಲಕರಣೆಯನ್ನು ಇದ್ದ ಜಾಗಕ್ಕೆ, ಇದ್ದ ಹಾಗೆಯೇ ಹಿಂದಿರುಗಿಸಿ ಚಾಪೆಯನ್ನು ಸುತ್ತಿಡುತ್ತದೆ.

ಈ ಕೆಲಸದ ಹೊತ್ತು ಸುಮಾರು ಮೂರು ಗಂಟೆಗಳ ಅಖಂಡ ಅವಧಿಯಾಗಿರಬೇಕು ಎಂಬುದು ಪದ್ಧತಿಯ ಮುಖ್ಯ ನಿಯಮಗಳಲ್ಲಿ ಒಂದು. ಹಲವು ಶಾಲೆಗಳು ಕೈಬಿಡುವುದೂ ಇದನ್ನೇ. ಮೊದಲ ಒಂದು ಗಂಟೆಯ ಹೊತ್ತಿಗೆ ಮಕ್ಕಳು ಪರಿಚಿತವಾದ, ಹಗುರವಾದ ಕೆಲಸಗಳನ್ನು ಮುಗಿಸಿರುತ್ತಾರೆ. ಆಮೇಲೆ ಕೊಠಡಿಯಲ್ಲಿ ಸದ್ದು ಏರುತ್ತದೆ, ಕೆಲವರು ಸುಮ್ಮನೆ ಸುಳಿದಾಡುತ್ತಾರೆ, ಮಕ್ಕಳು ದಣಿದಿದ್ದಾರೆಂದು ಯಾರಿಗಾದರೂ ಅನ್ನಿಸುತ್ತದೆ. ಮಾಂಟೆಸ್ಸೊರಿ ಇದನ್ನು ಹುಸಿ ದಣಿವೆಂದು ಗುರುತಿಸಿದರು. ಶಿಕ್ಷಕಿ ಆಗ ಗಾಬರಿಗೊಂಡು ಎಲ್ಲರನ್ನೂ ಒಟ್ಟು ಸೇರಿಸಿ ಹಾಡಿಸತೊಡಗಿದರೆ ಆ ಬೆಳಗು ಅಲ್ಲಿಗೆ ಮುಗಿಯಿತು. ಸಮಾಧಾನದಿಂದ ಕಾದರೆ ಸದ್ದು ತಾನಾಗಿ ಇಳಿಯುತ್ತದೆ, ಮತ್ತು ದಿನದ ಅತ್ಯಂತ ಕಠಿಣವಾದ, ದೀರ್ಘವಾದ ಕೆಲಸವನ್ನು ಮಕ್ಕಳು ಕೈಗೆತ್ತಿಕೊಳ್ಳುವುದು ಅದರ ನಂತರವೇ. ಅರ್ಧರ್ಧ ಗಂಟೆಯ ವೇಳಾಪಟ್ಟಿ ಹಾಕಿಕೊಂಡ ಶಾಲೆಯಲ್ಲಿ ಕೆಲಸದ ಈ ಎರಡನೆಯ ಏರು ಎಂದಿಗೂ ಕಾಣಿಸುವುದಿಲ್ಲ. ಅಂಥ ಕಡೆ ಚಿಕ್ಕ ಮಕ್ಕಳಿಗೆ ಏಕಾಗ್ರತೆ ಸಾಧ್ಯವಿಲ್ಲವೆಂಬ ತೀರ್ಮಾನಕ್ಕೆ ಬಂದರೆ ಅದು ಮಕ್ಕಳ ಮಿತಿಯಲ್ಲ, ವೇಳಾಪಟ್ಟಿಯ ಮಿತಿ.

ಹೊಸದಾಗಿ ಬಂದ ಮಗು ಮೊದಲು ತೊಡಗುವುದು ದಿನಬಳಕೆಯ ಕೆಲಸಗಳಲ್ಲಿ: ಒಂದು ಹೂಜಿಯಿಂದ ಇನ್ನೊಂದಕ್ಕೆ ಕಾಳು ಸುರಿಯುವುದು, ಬಳಿಕ ನೀರು ಸುರಿಯುವುದು, ಚಮಚದಿಂದ ಎತ್ತಿಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಎಲೆಗಳ ಧೂಳು ಒರೆಸುವುದು, ಮೇಜು ತೊಳೆಯುವುದು. ‘ಇದನ್ನು ಮನೆಯಲ್ಲೇ ಕಲಿಸಬಹುದಲ್ಲ, ಇದಕ್ಕೆ ಶುಲ್ಕವೇಕೆ’ ಎಂಬ ಪ್ರಶ್ನೆ ಪೋಷಕರಿಂದ ಬರುತ್ತಲೇ ಇರುತ್ತದೆ. ಮೇಜು ತೊಳೆಯುವ ಕೆಲಸವನ್ನೇ ತೆಗೆದುಕೊಳ್ಳಿ. ಮೇಲಂಗಿ ಕಟ್ಟಿಕೊಳ್ಳಬೇಕು, ಬೋಗುಣಿಗೆ ನೀರು ತರಬೇಕು, ಚೆಲ್ಲದಂತೆ ನಡೆಯಬೇಕು, ಮೇಜನ್ನು ಒದ್ದೆ ಮಾಡಬೇಕು, ಬ್ರಷ್ಷಿಗೆ ಸೋಪು ಹಚ್ಚಿ ಎಡದಿಂದ ಬಲಕ್ಕೆ ಉಜ್ಜಬೇಕು, ಸ್ಪಂಜಿನಿಂದ ನೊರೆ ತೆಗೆಯಬೇಕು, ಒಣಬಟ್ಟೆಯಿಂದ ಒರೆಸಬೇಕು, ಕೊಳೆನೀರು ಚೆಲ್ಲಿ ಬೋಗುಣಿಯನ್ನು ಒಣಗಿಸಿ ಇಡಬೇಕು. ಇಷ್ಟು ಹಂತಗಳನ್ನು ಮನಸ್ಸಿನಲ್ಲಿ ಹಿಡಿದು ಒಂದಾದ ಮೇಲೊಂದರಂತೆ ಮುಗಿಸುವ ಮೂರೂವರೆ ವರ್ಷದ ಮಗು ತನ್ನ ಗಮನವನ್ನೂ ಸ್ನಾಯುಗಳನ್ನೂ ತನ್ನ ಇಚ್ಛೆಗೆ ಒಳಪಡಿಸುವ ಅಭ್ಯಾಸ ಮಾಡುತ್ತಿರುತ್ತದೆ. ಮುಂದೆ ಗಣಿತದ ದೊಡ್ಡ ಲೆಕ್ಕವೊಂದನ್ನು ಹಂತ ತಪ್ಪದೆ ಮಾಡುವಾಗ ಉಪಯೋಗಕ್ಕೆ ಬರುವ ಶಕ್ತಿ ಇದೇ. ಮಗು ಶುಚಿಯಾಗಿರುವ ಮೇಜನ್ನೇ ಮತ್ತೆ ಮತ್ತೆ ತೊಳೆಯುವುದನ್ನು ನೋಡಿ ದೊಡ್ಡವರು ತಡೆಯಲು ಹೋಗುತ್ತಾರೆ. ನಾವು ಮೇಜಿಗಾಗಿ ತೊಳೆಯುತ್ತೇವೆ, ಮಗು ತೊಳೆಯುವುದಕ್ಕಾಗಿ ತೊಳೆಯುತ್ತದೆ, ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದೂ ಮಗುವಿಗೇ ಬಿಟ್ಟ ವಿಷಯ.

ಇಲ್ಲಿ ಬಳಸುವ ಹೂಜಿ, ಲೋಟಗಳು ನಿಜವಾದ ಗಾಜಿನವು, ಪಿಂಗಾಣಿಯವು. ಒಡೆಯುವ ವಸ್ತುವನ್ನು ಹಿಡಿದ ಮಗುವಿನ ನಡಿಗೆಯೇ ಬೇರೆ. ಎಂದಾದರೂ ಒಂದು ಒಡೆಯುತ್ತದೆ. ಚೂರುಗಳನ್ನು ಶಿಕ್ಷಕಿ ಗದರದೆ ತೆಗೆಯುತ್ತಾರೆ, ಮಗುವಿಗೆ ತಿಳಿಯಬೇಕಾದದ್ದು ತಿಳಿದಿರುತ್ತದೆ.

ಇಂದ್ರಿಯ ಸಲಕರಣೆಗಳ ಬಗ್ಗೆ ನೀವೆಲ್ಲ ಚಿತ್ರಗಳಲ್ಲಾದರೂ ನೋಡಿರುವುದರಿಂದ ಹೆಚ್ಚು ಹೇಳುವುದಿಲ್ಲ. ಗುಲಾಬಿ ಗೋಪುರದ ಹತ್ತು ಘನಗಳ ಬದಿ 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಬಣ್ಣ, ಆಕಾರ ಎಲ್ಲವೂ ಒಂದೇ ಆಗಿದ್ದು ಗಾತ್ರವೊಂದೇ ಬದಲಾಗುವುದರಿಂದ ಮಗುವಿನ ಗಮನ ಆ ಒಂದೇ ಗುಣದ ಮೇಲೆ ನಿಲ್ಲುತ್ತದೆ. ತಪ್ಪನ್ನು ತೋರಿಸಿಕೊಡುವ ಕೆಲಸವನ್ನು ಆದಷ್ಟೂ ಸಲಕರಣೆಯೇ ಮಾಡುತ್ತದೆ: ಸಿಲಿಂಡರನ್ನು ಬೇರೆ ಕುಳಿಗೆ ಹಾಕಿದರೆ ಕೊನೆಯಲ್ಲಿ ಒಂದು ಸಿಲಿಂಡರಿಗೆ ಜಾಗವೇ ಸಿಗುವುದಿಲ್ಲ. ತಪ್ಪು ಎಂದು ಹೇಳಲು ದೊಡ್ಡವರು ಬೇಕಾಗಿಲ್ಲದ ಕಡೆ ತಪ್ಪಿನ ಭಯವೂ ಇರುವುದಿಲ್ಲ.

ಅಕ್ಷರದ ಕಡೆಗೆ ಬರೋಣ, ಪೋಷಕರ ಆತಂಕವೆಲ್ಲ ಇರುವುದು ಅಲ್ಲೇ. ನಯವಾದ ಹಲಗೆಯ ಮೇಲೆ ಅಂಟಿಸಿದ ಉಪ್ಪುಕಾಗದದ ಅಕ್ಷರವನ್ನು ಮಗು ಎರಡು ಬೆರಳುಗಳಿಂದ, ಬರೆಯುವ ದಿಕ್ಕಿನಲ್ಲೇ ಸವರುತ್ತಾ ಅದರ ಧ್ವನಿಯನ್ನು ಉಚ್ಚರಿಸುತ್ತದೆ. ಕಣ್ಣು, ಕಿವಿ, ಕೈ ಮೂರೂ ಒಂದೇ ಹೊತ್ತಿನಲ್ಲಿ ಅಕ್ಷರವನ್ನು ಗ್ರಹಿಸುತ್ತವೆ. ಹೆಸರು ಕಲಿಸುವಾಗ ಶಿಕ್ಷಕಿ ಸೆಗ್ವಾನ್ ಅವರಿಂದ ಬಂದ ಮೂರು ಹಂತದ ಪಾಠವನ್ನು ಅನುಸರಿಸುತ್ತಾರೆ. ‘ಇದು ಮ, ಇದು ಸ’ ಎಂದು ಪರಿಚಯಿಸುವುದು ಮೊದಲ ಹಂತ. ‘ಮ ಯಾವುದು ತೋರಿಸು, ಸ ಅನ್ನು ನನ್ನ ಕೈಗೆ ಕೊಡು’ ಎಂದು ಆಟವಾಡಿಸುವುದು ಎರಡನೆಯದು. ‘ಇದೇನು’ ಎಂದು ಕೇಳುವುದು ಕೊನೆಯದು. ಎರಡನೆಯ ಹಂತದಲ್ಲಿ ಮಗು ತಡವರಿಸಿದರೆ ತಿದ್ದುವುದಿಲ್ಲ, ಪಾಠವನ್ನು ನಿಲ್ಲಿಸಿ ಇನ್ನೊಂದು ದಿನ ಮೊದಲಿನಿಂದ ಕೊಡುತ್ತಾರೆ. ಪರೀಕ್ಷೆ ಕೊನೆಯಲ್ಲಿ, ಅದೂ ಉತ್ತರ ಗೊತ್ತಿದೆಯೆಂದು ಖಚಿತವಾದ ಮೇಲೆ ಮಾತ್ರ. ಇತ್ತ ಲೋಹದ ಚೌಕಟ್ಟುಗಳೊಳಗೆ ಆಕಾರಗಳನ್ನು ಎಳೆದು ಗೆರೆ ತುಂಬುತ್ತಾ ಕೈಗೆ ಪೆನ್ಸಿಲಿನ ಹಿಡಿತ ಬಂದಿರುತ್ತದೆ. ಬಿಡಿ ಅಕ್ಷರಗಳ ಪೆಟ್ಟಿಗೆ ಕೈಗೆ ಸಿಕ್ಕಾಗ ಮಗು ತನ್ನ ಮನಸ್ಸಿನಲ್ಲಿರುವ ಪದವನ್ನು ಚಾಪೆಯ ಮೇಲೆ ಜೋಡಿಸತೊಡಗುತ್ತದೆ. ಬೇರೊಬ್ಬರು ಬರೆದದ್ದನ್ನು ಓದುವುದಕ್ಕೂ ಮೊದಲು ತನ್ನ ಮಾತನ್ನು ಬರಹವಾಗಿಸುತ್ತದೆ. ಬರಹ ಮೊದಲು, ಓದು ಬಳಿಕ ಎಂಬ ಈ ಕ್ರಮ ಸಾನ್ ಲೊರೆಂಜೊದ ನಾಲ್ಕು ವರ್ಷದ ಮಕ್ಕಳಲ್ಲಿ ಮಾಂಟೆಸ್ಸೊರಿ ಅವರನ್ನೇ ಬೆರಗುಗೊಳಿಸಿತ್ತು. ಕನ್ನಡದಂತೆ ಅಕ್ಷರಕ್ಕೂ ಧ್ವನಿಗೂ ಹತ್ತಿರದ ಹೊಂದಾಣಿಕೆಯಿರುವ ಲಿಪಿಗಳಿಗೆ ಈ ಕ್ರಮ ಚೆನ್ನಾಗಿಯೇ ಒಗ್ಗುತ್ತದೆ. ಗುಣಿತಾಕ್ಷರ, ಒತ್ತಕ್ಷರಗಳಿಗೆ ಮಾತ್ರ ಶಿಕ್ಷಕಿ ಹೆಚ್ಚಿನ ಸಲಕರಣೆಗಳನ್ನು ತಾವೇ ತಯಾರಿಸಿಕೊಳ್ಳಬೇಕು, ಮತ್ತು ಕಾಗುಣಿತವನ್ನು ಒಂದೇ ಉಸಿರಿಗೆ ಬಾಯಿಪಾಠ ಮಾಡಿಸುವ ಆಸೆಯನ್ನು ಹತ್ತಿಕ್ಕಬೇಕು.

ಸಂಖ್ಯೆಗಳ ವಿಭಾಗ ನನಗೆ ಅತ್ಯಂತ ಪ್ರಿಯವಾದದ್ದು. ಕೆಂಪು ನೀಲಿ ಬಣ್ಣದ ಕೋಲುಗಳಲ್ಲಿ ಒಂದರಿಂದ ಹತ್ತರವರೆಗಿನ ಪ್ರಮಾಣವನ್ನು ಕೈಯಲ್ಲಿ ಹಿಡಿದು ನೋಡಿದ ಮಗು ಮುಂದೆ ಕದಿರುಕಡ್ಡಿಗಳ ಪೆಟ್ಟಿಗೆಗೆ ಬರುತ್ತದೆ. ಸೊನ್ನೆಯಿಂದ ಒಂಬತ್ತರವರೆಗೆ ಗುರುತು ಹಾಕಿದ ಹತ್ತು ಗೂಡುಗಳು, ಸರಿಯಾಗಿ 45 ಕಡ್ಡಿಗಳು. ಒಂಬತ್ತರ ಗೂಡಿಗೆ ಬರುವಾಗ ಕಡ್ಡಿ ಕಡಿಮೆಯಾದರೆ ಅಥವಾ ಉಳಿದರೆ ಎಲ್ಲೋ ಎಣಿಕೆ ತಪ್ಪಿದೆಯೆಂದು ಮಗುವಿಗೇ ಗೊತ್ತಾಗುತ್ತದೆ. ಸೊನ್ನೆಯ ಗೂಡು ಖಾಲಿಯಾಗಿಯೇ ಉಳಿಯುತ್ತದೆ. ‘ಸೊನ್ನೆ ಸಲ ಕುಪ್ಪಳಿಸು’ ಎಂದಾಗ ಮೊದಮೊದಲು ಕುಪ್ಪಳಿಸಿಬಿಡುವ ಮಕ್ಕಳು, ಏನೂ ಮಾಡದೆ ನಿಲ್ಲುವುದೇ ಸರಿಯಾದ ಉತ್ತರವೆಂದು ಹೊಳೆದಾಗ ಪಡುವ ಸಂತೋಷವನ್ನು ಕಣ್ಣಾರೆ ಕಾಣಬೇಕು. ಇದಾದ ಮೇಲೆ ಚಿನ್ನದ ಬಣ್ಣದ ಮಣಿಗಳು. ಬಿಡಿ ಮಣಿ ಒಂದು, ತಂತಿಯಲ್ಲಿ ಪೋಣಿಸಿದ ಹತ್ತು ಮಣಿಗಳ ಸರಳು ಹತ್ತು, ಅಂಥ ಹತ್ತು ಸರಳುಗಳ ಚೌಕ ನೂರು, ಹತ್ತು ಚೌಕಗಳ ಘನ ಸಾವಿರ. ಒಂದು ಮಣಿ ಅಂಗೈಯಲ್ಲಿ ಇರುವುದೇ ತಿಳಿಯದಷ್ಟು ಹಗುರ. ಸಾವಿರದ ಘನವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ದಶಮಾನ ಪದ್ಧತಿಯ ಸ್ಥಾನಬೆಲೆಯನ್ನು ನಾಲ್ಕೂವರೆ ವರ್ಷದ ಮಗು ತೂಕದ ಮೂಲಕ ಅರಿಯುತ್ತದೆ. 2000, 300, 40, 5 ಎಂಬ ನಾಲ್ಕು ಚೀಟಿಗಳನ್ನು ಬಲ ಅಂಚು ಸರಿಹೊಂದುವಂತೆ ಒಂದರ ಮೇಲೊಂದು ಇಟ್ಟಾಗ 2345 ಎಂಬ ಸಂಖ್ಯೆ ಮೂಡುತ್ತದೆ, ಸೊನ್ನೆಗಳು ಕೆಳಗೆ ಅಡಗಿಕೊಳ್ಳುತ್ತವೆ. ಮೂವರು ಮಕ್ಕಳು ಟ್ರೇಗಳಲ್ಲಿ ಮಣಿಗಳನ್ನು ಬೇರೆ ಬೇರೆಯಾಗಿ ತಂದು, ಒಟ್ಟು ಸುರಿದು, ಹತ್ತು ಬಿಡಿಗಳಾದಾಗಲೆಲ್ಲ ಒಂದು ಸರಳಿಗೆ ಬದಲಾಯಿಸಿಕೊಂಡು ನಾಲ್ಕಂಕಿಯ ಸಂಕಲನವನ್ನು ಮಾಡುತ್ತಾರೆ. ‘ದಶಕ’ ಎಂದು ನಾವು ಅರ್ಥ ತಿಳಿಯದೆ ತಲೆಯ ಮೇಲೆ ಬರೆದುಕೊಳ್ಳುತ್ತಿದ್ದ ಆ ಒಂದು ಅವರ ಕೈಯಲ್ಲಿ ಸರಳಾಗಿ ಇರುತ್ತದೆ. ಇದೇ ವಯಸ್ಸಿನವರು ಬಣ್ಣಬಣ್ಣದ 8 ತುಂಡುಗಳಿಂದ ಜೋಡಿಸುವ ಒಂದು ಘನವಿದೆ. ಎರಡು ಪದಗಳ ಮೊತ್ತದ ಘನವೆಂದು ಪ್ರೌಢಶಾಲೆಯಲ್ಲಿ ಕಲಿಯುವ ಬೀಜಗಣಿತದ ಸೂತ್ರವೇ ಅದು, ಮಗುವಿಗೆ ಮಾತ್ರ ಸದ್ಯಕ್ಕೆ ಚೆಂದದ ಒಗಟು.

ಇಷ್ಟೆಲ್ಲ ನಡೆಯುವಾಗ ಶಿಕ್ಷಕಿ ಏನು ಮಾಡುತ್ತಿರುತ್ತಾರೆ? ಹೆಚ್ಚಿನ ಹೊತ್ತು ನೋಡುತ್ತಿರುತ್ತಾರೆ. ಯಾವ ಮಗು ಯಾವುದನ್ನು ಎಷ್ಟು ಹೊತ್ತು ಮಾಡಿತು, ಎಲ್ಲಿ ಕೈ ಸೋತಿತು, ಯಾವ ಸಲಕರಣೆಯ ಬಳಿ ನಿಂತು ಹಿಂದೆ ಸರಿಯಿತು ಎಂಬುದನ್ನು ಬರೆದಿಟ್ಟುಕೊಂಡು, ಮಾರನೆಯ ದಿನ ಯಾರಿಗೆ ಯಾವ ಹೊಸ ಕೆಲಸವನ್ನು ತೋರಿಸಬೇಕೆಂದು ನಿರ್ಧರಿಸುತ್ತಾರೆ. ತೋರಿಸುವಾಗ ಮಾತು ಕಡಿಮೆ, ಕೈಯ ಚಲನೆ ನಿಧಾನ. ಮಗು ಕೆಲಸದಲ್ಲಿ ಮುಳುಗಿದ ಮೇಲೆ ಮೆಚ್ಚುಗೆಯ ಮಾತನ್ನೂ ಆಡದೆ ದೂರ ಸರಿಯುತ್ತಾರೆ, ಏಕೆಂದರೆ ‘ಶಹಬ್ಬಾಸ್’ ಎಂಬ ಒಂದು ಮಾತು ಮಗುವಿನ ಕಣ್ಣನ್ನು ಕೆಲಸದಿಂದ ದೊಡ್ಡವರ ಮುಖದ ಕಡೆಗೆ ತಿರುಗಿಸಿಬಿಡುತ್ತದೆ. ಇನ್ನೊಬ್ಬರನ್ನು ನೋಯಿಸುವ, ಸಲಕರಣೆಯನ್ನು ಎಸೆದಾಡುವ ಮಗುವನ್ನು ಅವರು ತಕ್ಷಣ, ದೃಢವಾಗಿ ತಡೆಯುತ್ತಾರೆ. ಈ ಪದ್ಧತಿಯ ಸ್ವಾತಂತ್ರ್ಯಕ್ಕೆ ಎಲ್ಲೆ ಇಲ್ಲವೆಂಬುದು ತಪ್ಪು ತಿಳಿವಳಿಕೆ.

ಸಣ್ಣ ಶಾಲೆಯಲ್ಲಿ ಈ ಹಿಂದೆ ಸರಿಯುವಿಕೆ ಇನ್ನಷ್ಟು ಕಷ್ಟ. ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರಿದ್ದರೆ ಯಾವ ಮಗುವೂ ಗುಂಡಿಯೊಂದಿಗೆ ಐದು ನಿಮಿಷ ಒದ್ದಾಡುವ ಅವಕಾಶ ಪಡೆಯುವುದಿಲ್ಲ, ಯಾರಾದರೊಬ್ಬರು ಹಾಕಿಬಿಡುತ್ತಾರೆ. ಮಾಂಟೆಸ್ಸೊರಿ ಒಂದೇ ಕೊಠಡಿಯಲ್ಲಿ ಮೂವತ್ತರ ಆಚೀಚೆ ಮಕ್ಕಳಿರುವುದನ್ನು ಬಯಸಿದ್ದು ಈ ಕಾರಣದಿಂದಲೂ ಹೌದು: ಆಗ ಚಿಕ್ಕವರು ಸಹಾಯಕ್ಕಾಗಿ ದೊಡ್ಡ ಮಕ್ಕಳ ಕಡೆಗೇ ತಿರುಗಬೇಕಾಗುತ್ತದೆ. ಅಷ್ಟು ಮಕ್ಕಳಿಲ್ಲದ ಶಾಲೆ ಏನು ಮಾಡಬೇಕು? ಇರುವ ಮಕ್ಕಳನ್ನು ವಯಸ್ಸಿನ ಪ್ರಕಾರ ಒಡೆಯದೆ ಮೂರರಿಂದ ಆರರವರೆಗಿನವರನ್ನು ಒಂದೇ ಕೊಠಡಿಯಲ್ಲಿ ಇಡಬೇಕು. ಹದಿನೈದು ಮಕ್ಕಳನ್ನು ಮೂರು ತರಗತಿಗಳಾಗಿ ಹಂಚಿದರೆ ಉಳಿಯುವುದು ಮಾಂಟೆಸ್ಸೊರಿ ಸಲಕರಣೆಗಳಿರುವ ಸಾಮಾನ್ಯ ಶಿಶುವಿಹಾರ. ಐದು ವರ್ಷದವಳು ಮೂರು ವರ್ಷದವನಿಗೆ ಲಾಡಿ ಕಟ್ಟುವುದನ್ನು ತೋರಿಸುವಾಗ ಇಬ್ಬರೂ ಕಲಿಯುತ್ತಾರೆ. ಅವಳ ವಿವರಣೆ ಅವನ ಮನಸ್ಸಿಗೆ ನಮ್ಮ ವಿವರಣೆಗಿಂತ ಹತ್ತಿರವಾದದ್ದು.

ಈ ಪದ್ಧತಿಯ ಮೇಲಿನ ಟೀಕೆಗಳನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. 1914ರಷ್ಟು ಹಿಂದೆಯೇ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್, ಸಲಕರಣೆಗಳ ಬಳಕೆ ತೀರಾ ನಿಗದಿತವಾಗಿದೆ, ಕಲ್ಪನೆಗೂ ಮಕ್ಕಳ ಸಾಮೂಹಿಕ ಚಟುವಟಿಕೆಗೂ ಇಲ್ಲಿ ಜಾಗ ಸಾಲದು ಎಂದು ವಾದಿಸಿದ್ದರು. ಗುಲಾಬಿ ಘನವನ್ನು ರೈಲು ಮಾಡಿ ಓಡಿಸುವ ಮಗುವನ್ನು ಏಕೆ ತಡೆಯಬೇಕೆಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಸಲಕರಣೆಯ ಉದ್ದೇಶವನ್ನು ಕಾಪಾಡುವುದು ಸರಿಯೆಂದೇ ನಾನು ಭಾವಿಸುತ್ತೇನೆ, ಆದರೆ ಅಂಥ ಮಗುವಿಗೆ ಅಂಗಳದಲ್ಲಿ, ಮನೆಯಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ ಮನಸೋ ಇಚ್ಛೆ ಆಡುವ ವೇಳೆ ಸಿಗಲೇಬೇಕು. ಶಾಲೆ ಬಿಟ್ಟೊಡನೆ ಇನ್ನೊಂದು ತರಗತಿಗೆ ಕರೆದೊಯ್ಯುವ ಪೋಷಕರು ಈ ಟೀಕೆಯನ್ನು ನಿಜ ಮಾಡುತ್ತಾರೆ.

ಫಲಿತಾಂಶಗಳ ಬಗ್ಗೆ ಕೇಳುವವರಿಗೆ ಆಂಜೆಲಿನ್ ಲಿಲ್ಲಾರ್ಡ್ ಎಂಬ ಮನಶ್ಶಾಸ್ತ್ರಜ್ಞೆಯ ಅಧ್ಯಯನಗಳನ್ನು ತಿಳಿಸುತ್ತೇನೆ. 2006ರಲ್ಲಿ ಅವರು ಸಹಲೇಖಕಿಯೊಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಮಿಲ್ವಾಕಿಯ ಮಾಂಟೆಸ್ಸೊರಿ ಶಾಲೆಗೆ ಲಾಟರಿಯ ಮೂಲಕ ಪ್ರವೇಶ ಪಡೆದ ಮಕ್ಕಳನ್ನು, ಅದೇ ಲಾಟರಿಯಲ್ಲಿ ಪ್ರವೇಶ ಸಿಗದವರೊಡನೆ ಹೋಲಿಸಲಾಗಿತ್ತು. ಪೋಷಕರ ಆಸಕ್ತಿ ಎರಡೂ ಕಡೆ ಸಮಾನವಾಗಿದ್ದುದರಿಂದ ಈ ಹೋಲಿಕೆಗೆ ಬೆಲೆಯಿದೆ. ಐದು ವರ್ಷದವರಲ್ಲಿ ಓದು, ಗಣಿತ, ಸಾಮಾಜಿಕ ನಡವಳಿಕೆಗಳಲ್ಲಿ ಮಾಂಟೆಸ್ಸೊರಿ ಮಕ್ಕಳು ಮುಂದಿದ್ದರು. 2012ರ ಅವರ ಇನ್ನೊಂದು ಅಧ್ಯಯನ ನಮಗೆ ಇನ್ನೂ ಮುಖ್ಯ: ಮೂಲ ಸಲಕರಣೆಗಳಿಗೇ ನಿಷ್ಠವಾದ ತರಗತಿಗಳ ಮಕ್ಕಳು, ಮಾಂಟೆಸ್ಸೊರಿ ಜೊತೆಗೆ ಅಭ್ಯಾಸ ಹಾಳೆ ಮುಂತಾದವನ್ನು ಬೆರೆಸಿದ ತರಗತಿಗಳ ಮಕ್ಕಳಿಗಿಂತ ಹೆಚ್ಚು ಪ್ರಗತಿ ತೋರಿದರು. ಮಾಂಟೆಸ್ಸೊರಿ ಎಂಬ ಹೆಸರನ್ನು ಫಲಕದ ಮೇಲೆ ಯಾರು ಬೇಕಾದರೂ ಬರೆಸಿಕೊಳ್ಳುವ ಪರಿಸ್ಥಿತಿಯಲ್ಲಿ, ಫಲಕವನ್ನು ನೋಡಿ ನಿರ್ಧರಿಸಬೇಡಿ. ಒಂದು ಬೆಳಗು ಮೂಲೆಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ಎಷ್ಟು ಹೊತ್ತು ಎಡೆಬಿಡದೆ ಕೆಲಸ ನಡೆಯುತ್ತದೆ, ವಯಸ್ಸುಗಳು ಬೆರೆತಿವೆಯೇ, ಶಿಕ್ಷಕಿ ಯಾವ ತರಬೇತಿ ಪಡೆದಿದ್ದಾರೆ, ಮಗು ಒದ್ದಾಡುವಾಗ ಅವರ ಕೈ ಎಲ್ಲಿರುತ್ತದೆ ಎಂಬುದನ್ನು ಗಮನಿಸಿ.

ಕೊನೆಯದಾಗಿ, ಮಗುವಿಗೆ ನಾಲ್ಕೂವರೆ, ಐದು ವರ್ಷವಾಗುತ್ತಲೇ ‘ಇನ್ನು ನಿಜವಾದ ಶಾಲೆಗೆ’ ಎಂದು ಬಿಡಿಸಿಕೊಂಡು ಹೋಗುವ ಪೋಷಕರಲ್ಲಿ ನನ್ನದೊಂದು ವಿನಂತಿಯಿದೆ. ಈ ಪದ್ಧತಿಯನ್ನು ಮೂರು ವರ್ಷಗಳ ಒಂದು ಆವರ್ತವಾಗಿ ರೂಪಿಸಲಾಗಿದೆ. ಮೊದಲ ವರ್ಷ ಸುರಿದ ನೀರು, ಎರಡನೆಯ ವರ್ಷ ಸವರಿದ ಅಕ್ಷರ, ಹೊತ್ತು ತಂದ ಮಣಿ ಇವೆಲ್ಲ ಓದಾಗಿ, ಬರಹವಾಗಿ, ಲೆಕ್ಕವಾಗಿ ಕೂಡಿಬರುವುದು ಮೂರನೆಯ ವರ್ಷದಲ್ಲಿ. ತಾನು ಚಿಕ್ಕವನಾಗಿದ್ದಾಗ ಯಾರನ್ನು ನೋಡಿ ಕಲಿತನೋ ಆ ಹಿರಿಯರ ಸ್ಥಾನಕ್ಕೆ ಮಗು ಏರುವುದೂ ಆಗಲೇ. ನೂರು ಮಕ್ಕಳ ಸಂಸ್ಥೆಯಿಂದ ಇಬ್ಬರು ಹೋದರೆ ಹೆಚ್ಚಿನ ವ್ಯತ್ಯಾಸವಾಗದಿರಬಹುದು. ಹದಿನೈದು ಮಕ್ಕಳ ಶಾಲೆಯಿಂದ ಮೂವರು ಹಿರಿಯರು ಹೋದರೆ ಉಳಿದ ಹನ್ನೆರಡು ಮಂದಿಗೆ ನೋಡಿ ಕಲಿಯಲು ಯಾರೂ ಉಳಿಯುವುದಿಲ್ಲ, ಆ ಕೆಲಸವೆಲ್ಲ ಮತ್ತೆ ಶಿಕ್ಷಕಿಯ ಮೇಲೆ ಬೀಳುತ್ತದೆ. ಸೇರಿಸುವಾಗಲೇ ಮೂರು ವರ್ಷ ಎಂದು ನಿಶ್ಚಯಿಸಿ ಸೇರಿಸಿ, ಮತ್ತು ಶಾಲೆಯವರು ಪ್ರವೇಶದ ದಿನವೇ ಈ ಮಾತನ್ನು ಪೋಷಕರೊಡನೆ ಸಂಕೋಚವಿಲ್ಲದೆ ಆಡಲಿ.